ಹಿಂದಿನ ಬೆಂಚಿನಲ್ಲಿ ಕೂತ ಟೀಚರ್

2022ರ ಅಕ್ಟೋಬರ್, ಒಂದು ಮಧ್ಯಾಹ್ನ. ಎಂಟನೇ ತರಗತಿಯ ಗಣಿತದ ಕ್ಲಾಸು. ಬೋರ್ಡಿನ ಮೇಲೆ ಆವರಣ ಹಾಕಿದ ಒಂದು ಸಮೀಕರಣ: ಹೊರಗೆ ಮೂರು, ಒಳಗೆ ಎಕ್ಸ್ ಮೈನಸ್ ಎರಡು, ಬಲಗಡೆ ಹನ್ನೆರಡು. ಪಾಠ ಮಾಡುತ್ತಿದ್ದವರು ಮೂರನ್ನು ಎಕ್ಸ್‌ಗೆ ಮಾತ್ರ ಗುಣಿಸಿ, ಎರಡನ್ನು ಹಾಗೇ ಕೆಳಗಿಳಿಸಿದರು. ಉತ್ತರ 14/3 ಅಂತ ಬಂತು. ಮಕ್ಕಳೆಲ್ಲ ಬರೆದುಕೊಂಡರು.

ನನ್ನ ಪಕ್ಕದಲ್ಲಿದ್ದ ಹುಡುಗಿ ಬರೆದುಕೊಳ್ಳಲಿಲ್ಲ. ಅಂಚಿನಲ್ಲಿ ಏನೋ ಲೆಕ್ಕ ಹಾಕಿ ನನ್ನ ಕಡೆ ವಾಲಿ ಪಿಸುಗುಟ್ಟಿದಳು: "ಈ ಉತ್ತರ ವಾಪಸ್ ಹಾಕಿ ನೋಡಿದ್ರೆ ಎಂಟು ಬರುತ್ತೆ. ಹನ್ನೆರಡು ಬರಲ್ಲ." ನಾನು ತಲೆಯಾಡಿಸಿದೆ. "ನೀನು ಮಾಡಿದ್ದೇ ಸರಿ" ಅಂದೆ, ಅದೂ ಪಿಸುದನಿಯಲ್ಲೇ.

ಆ ಕ್ಲಾಸಿನಲ್ಲಿ ನಾನು ಟೀಚರ್ ಆಗಿರಲಿಲ್ಲ. ಹೆಚ್ಚಿನ ನೆರವು ಬೇಕಾದ ಇಬ್ಬರು ಮಕ್ಕಳ ಪಕ್ಕದಲ್ಲಿ ಕೂರುವ ಏಡ್ ಆಗಿದ್ದೆ. ಗಂಟೆಯ ಲೆಕ್ಕದಲ್ಲಿ ಸಂಬಳ. ಬೋರ್ಡಿನ ಮುಂದೆ ಇದ್ದವರು ಲಾಂಗ್ ಟರ್ಮ್ ಸಬ್, ಅಂದರೆ ಖಾಯಂ ಟೀಚರ್ ಸಿಗುವ ತನಕ ಕ್ಲಾಸು ನೋಡಿಕೊಳ್ಳಲು ಬಂದವರು. ಒಳ್ಳೆಯ ಮನುಷ್ಯ. ಮಕ್ಕಳ ಮೇಲೆ ಒಂದು ದಿನ ದನಿ ಎತ್ತಿದವರಲ್ಲ. ಗಣಿತ ಅವರ ವಿಷಯವೇ ಆಗಿರಲಿಲ್ಲ, ಅಷ್ಟೆ. ಕ್ಲಾಸು ಮುಗಿದ ಮೇಲೆ ಹೋಗಿ ಮೆಲ್ಲಗೆ ಹೇಳಿದೆ. ಅವರು ಕೈಯನ್ನು ಹಣೆಗೆ ಹಚ್ಚಿಕೊಂಡು, "ಥ್ಯಾಂಕ್ಸ್, ನಾಳೆ ತಿದ್ದುತ್ತೇನೆ" ಅಂದರು. ತಿದ್ದಿದರು ಕೂಡ.

ಅದಕ್ಕೂ ಮೊದಲು ಆರು ವರ್ಷ, ಇದೇ ಎಂಟನೇ ತರಗತಿಗೆ, ಇದೇ ಗಣಿತವನ್ನು ನಾನು ಕಲಿಸಿದ್ದೆ. ಅಮೆರಿಕದಲ್ಲೇ, ಸರ್ಕಾರಿ ಶಾಲೆಯಲ್ಲೇ, ಪೂರ್ತಿ ಲೈಸೆನ್ಸ್ ಪಡೆದೇ. ಆದರೆ ಬೇರೆ ರಾಜ್ಯದಲ್ಲಿ. ಅಲ್ಲಿನ ಟೀಚರ್ ಲೈಸೆನ್ಸ್ ಇಲ್ಲಿ ನಡೆಯಲಿಲ್ಲ.

ಎರಡೂ ರಾಜ್ಯಗಳ ಹೆಸರು ಇಲ್ಲಿ ಬೇಡ. ಯಾವುದೋ ಒಂದು ಕಚೇರಿಯ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲ. ನನಗೆ ಆದದ್ದು ಈ ದೇಶದಲ್ಲಿ ಯಾವ ರಾಜ್ಯದಿಂದ ಯಾವ ರಾಜ್ಯಕ್ಕೆ ಹೋದ ಟೀಚರಿಗಾದರೂ ಆಗಬಹುದಾದದ್ದು.

ಮೊದಲಿನಿಂದ ಹೇಳುತ್ತೇನೆ. ಊರಿನಲ್ಲಿ ಬಿ.ಎಸ್ಸಿ., ಎಂ.ಎಸ್ಸಿ. ಮುಗಿಸಿ ಮದುವೆಯಾಗಿ ಎಚ್-4 ವೀಸಾದಲ್ಲಿ, ಅಂದರೆ ಕೆಲಸದ ವೀಸಾ ಇರುವವರ ಸಂಗಾತಿಗೆ ಕೊಡುವ ವೀಸಾದಲ್ಲಿ, ಬಂದವಳು ನಾನು. ಆ ವೀಸಾದಲ್ಲಿ ಓದಬಹುದಿತ್ತು, ದುಡಿಯುವಂತಿರಲಿಲ್ಲ. ಹಾಗಾಗಿ ಓದಿದೆ. ಹತ್ತಿರದ ಕಾಲೇಜಿನಲ್ಲಿ ಟೀಚರ್ ತರಬೇತಿಗೆ ಸೇರಿದೆ, ಒಂದು ಸೆಮಿಸ್ಟರ್ ಪೂರ್ತಿ ಸ್ಟೂಡೆಂಟ್ ಟೀಚಿಂಗ್ ಮಾಡಿದೆ, ಟೀಚರ್ ಆಗಬಯಸುವವರಿಗೆ ಇರುವ ಪ್ರಾಕ್ಸಿಸ್ ಪರೀಕ್ಷೆ ಬರೆದೆ. 2015ರ ಮೇ ತಿಂಗಳಲ್ಲಿ ಎಚ್-4ನವರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಕೊಡುವ ನಿಯಮ ಜಾರಿಗೆ ಬಂತು. ಆ ಕಾರ್ಡು ಕೈಗೆ ಬಂದ ದಿನ ನಾನು ಅತ್ತಿದ್ದೆ. ಮರುವರ್ಷ ಸೆಪ್ಟೆಂಬರಿನಲ್ಲಿ ನನ್ನದೇ ಕ್ಲಾಸು, ಬಾಗಿಲ ಮೇಲೆ ನನ್ನದೇ ಹೆಸರು. ಮಕ್ಕಳಿಗೆ ಆ ಹೆಸರು ಉಚ್ಚರಿಸಲು ಬರದೆ ಮೊದಲಕ್ಷರ ಹಿಡಿದು "ಮಿಸೆಸ್ ಎಸ್" ಮಾಡಿಕೊಂಡರು. ನನಗೆ ಅದೂ ಇಷ್ಟವಾಯಿತು.

ಆರು ವರ್ಷದ ನಂತರ ಯಜಮಾನರ ಕೆಲಸ ದೇಶದ ಇನ್ನೊಂದು ತುದಿಗೆ ಹೋಯಿತು. ನಾವೂ ಹೋದೆವು. ನನಗೆ ಆತಂಕವೇನೂ ಇರಲಿಲ್ಲ. ಗಣಿತದ ಟೀಚರುಗಳಿಗೆ ಎಲ್ಲ ಕಡೆ ಕೊರತೆ ಅಂತ ಕೇಳುತ್ತಲೇ ಇದ್ದೆ. ಹಳೆಯ ಶಾಲೆಯ ಸಹೋದ್ಯೋಗಿಯೊಬ್ಬರು ಧೈರ್ಯವನ್ನೂ ತುಂಬಿದ್ದರು: "ರೆಸಿಪ್ರಾಸಿಟಿ ಇದೆಯಲ್ಲ, ಒಂದು ಫಾರಂ ತುಂಬಿದರೆ ಸಾಕು."

ಈ ರೆಸಿಪ್ರಾಸಿಟಿ ಅನ್ನುವ ಪದದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನ್ನಂಥ ಎಷ್ಟೋ ಜನ ಅದನ್ನು ನಂಬಿಯೇ ಮನೆ ಖಾಲಿ ಮಾಡಿರುತ್ತೇವೆ. ನಿನ್ನದನ್ನು ನಾನು ಒಪ್ಪುತ್ತೇನೆ, ನನ್ನದನ್ನು ನೀನು ಒಪ್ಪು ಅನ್ನುವ ಅರ್ಥ ಅದಕ್ಕೆ. ಶಿಕ್ಷಕರ ಲೈಸೆನ್ಸ್ ನೋಡಿಕೊಳ್ಳುವ ರಾಜ್ಯ ಅಧಿಕಾರಿಗಳ ಒಕ್ಕೂಟ ಒಂದಿದೆ. ನ್ಯಾಸ್‌ಡಿಟೆಕ್ ಅಂತ ಕರೆಯುತ್ತಾರೆ. 1928ರಷ್ಟು ಹಿಂದಿನದು. ಅದರಡಿ ಒಂದು ಅಂತರರಾಜ್ಯ ಒಪ್ಪಂದವಿದೆ, ಹೆಚ್ಚುಕಡಿಮೆ ಎಲ್ಲ ರಾಜ್ಯಗಳೂ ಅದರಲ್ಲಿವೆ. ಇಷ್ಟು ಕೇಳಿದವರಿಗೆ ಲೈಸೆನ್ಸ್ ಎಲ್ಲ ಕಡೆ ನಡೆಯುತ್ತದೆ ಅಂತಲೇ ಅನಿಸುತ್ತದೆ. ಆದರೆ ಆ ಒಪ್ಪಂದದ ಒಳಗೆ ಒಂದೊಂದು ರಾಜ್ಯವೂ ತಾನು ಯಾರ ಯಾವ ಸರ್ಟಿಫಿಕೇಟನ್ನು ಪರಿಗಣಿಸುತ್ತೇನೆ ಅಂತ ಬೇರೆಬೇರೆಯಾಗಿ ಬರೆದುಕೊಟ್ಟಿರುತ್ತದೆ. ಒಂದು ರಾಜ್ಯ ಇನ್ನೊಂದನ್ನು ಒಪ್ಪಿದ ಮಾತ್ರಕ್ಕೆ ಆ ಇನ್ನೊಂದು ಇದನ್ನು ಒಪ್ಪಬೇಕೆಂದಿಲ್ಲ. ಒಪ್ಪಿದ ಮೇಲೂ "ನಮ್ಮ ರಾಜ್ಯದ ವಿಶೇಷ ಷರತ್ತುಗಳು" ಅನ್ನುವ ಪಟ್ಟಿ ಹಾಗೇ ಉಳಿದಿರುತ್ತದೆ. ಪರೀಕ್ಷೆ, ಕೋರ್ಸು, ಅನುಭವದ ದಾಖಲೆ, ಏನು ಬೇಕಾದರೂ ಅದರಲ್ಲಿರಬಹುದು. ಒಟ್ಟಿನಲ್ಲಿ ಆ ಒಪ್ಪಂದ ಅರ್ಜಿ ಹಾಕುವ ದಾರಿ ತೋರಿಸುತ್ತದೆ. ಬಾಗಿಲು ತೆಗೆಯುವುದು ಬಿಡುವುದು ಆಯಾ ರಾಜ್ಯದ ಇಷ್ಟ.

ನನ್ನಿಂದ ಹೊಸ ರಾಜ್ಯ ಕೇಳಿದ್ದು ಇವು. ಭಾರತದ ಡಿಗ್ರಿಯ ಮೌಲ್ಯಮಾಪನ ಮತ್ತೊಮ್ಮೆ ಆಗಬೇಕು. ಹಳೆಯ ರಾಜ್ಯ ಒಪ್ಪಿದ್ದ ಸಂಸ್ಥೆ ಇವರ ಪಟ್ಟಿಯಲ್ಲಿರಲಿಲ್ಲ. ಮೂರು ವರ್ಷದ ಬಿ.ಎಸ್ಸಿ. ಇಲ್ಲಿನ ನಾಲ್ಕು ವರ್ಷದ ಡಿಗ್ರಿಗೆ ಸಮವೇ ಅನ್ನುವ ಹಳೆಯ ಪ್ರಶ್ನೆ ಮತ್ತೆ ಎದ್ದಿತು, ಎಂ.ಎಸ್ಸಿ. ಅಂಕಪಟ್ಟಿ ಕೊಟ್ಟು ಅದಕ್ಕೆ ಉತ್ತರ ಹೇಳಬೇಕಾಯಿತು. ಅದಕ್ಕಾಗಿ ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಲಕೋಟೆ ತರಿಸಲು ನನ್ನ ತಮ್ಮ ಮೂರು ಸಲ ಓಡಾಡಿದ. ಬೆರಳಚ್ಚು ಹೊಸದಾಗಿ ಕೊಡಬೇಕು. ಎರಡೂ ರಾಜ್ಯಗಳು ಅದೇ ಎಫ್‌ಬಿಐ ದಾಖಲೆಯನ್ನೇ ನೋಡುವುದಾದರೂ, ಒಬ್ಬರು ತರಿಸಿದ ವರದಿ ಇನ್ನೊಬ್ಬರಿಗೆ ಆಗುವುದಿಲ್ಲ. ಆರು ವರ್ಷದ ಸೇವೆಯನ್ನು ಹಳೆಯ ಡಿಸ್ಟ್ರಿಕ್ಟ್, ಅಂದರೆ ಅಲ್ಲಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ, ತನ್ನ ಸಹಿಯಲ್ಲಿ ದೃಢಪಡಿಸಬೇಕು. ಗಣಿತದ ಪರೀಕ್ಷೆ ಪುನಃ ಬರೆಯಬೇಕು, ಯಾಕೆಂದರೆ ಇವರದು ಬೇರೆ ಪರೀಕ್ಷೆ. ಜೊತೆಗೆ ಆ ರಾಜ್ಯದ ಮೂಲನಿವಾಸಿಗಳ ಚರಿತ್ರೆ ಮತ್ತು ಸಂಸ್ಕೃತಿಯ ಬಗ್ಗೆ ಒಂದು ಕೋರ್ಸು.

ಫೋನಿನಲ್ಲಿ ಇದನ್ನೆಲ್ಲ ಕೇಳಿದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದಳು: "ಅಲ್ವೇ, ಆ ರಾಜ್ಯದಲ್ಲಿ ಎರಡಕ್ಕೆ ಎರಡು ಕೂಡಿದ್ರೆ ಬೇರೆ ಬರುತ್ತೇನೇ?" ಅಮ್ಮನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನನಗೂ ಉತ್ತರ ಗೊತ್ತಿರಲಿಲ್ಲ.

ಏಡ್ ಆಗಿ ಕೂತ ಆ ತಿಂಗಳುಗಳಲ್ಲಿ ಉತ್ತರ ಹುಡುಕಿಕೊಂಡು ಓದತೊಡಗಿದೆ. ಈ ದೇಶದ ಸಂವಿಧಾನದಲ್ಲಿ ಶಿಕ್ಷಣ ಅನ್ನುವ ಪದವೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರವೆಲ್ಲ ರಾಜ್ಯಗಳದು, ಜನರದು ಅನ್ನುತ್ತದೆ 1791ರ ಹತ್ತನೇ ತಿದ್ದುಪಡಿ. ಹಾಗಾಗಿ ಶಾಲೆ ರಾಜ್ಯದ ಸ್ವತ್ತು, ಯಾರು ಪಾಠ ಮಾಡಬಹುದು ಅನ್ನುವುದೂ ರಾಜ್ಯದ ಮಾತು. ಒಂದು ಕಾಲದಲ್ಲಿ ಅದು ರಾಜ್ಯದ ಮಟ್ಟದಲ್ಲೂ ಇರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಊರಿನವರೋ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಸೂಪರಿಂಟೆಂಡೆಂಟೋ ಅಭ್ಯರ್ಥಿಯನ್ನು ಎದುರು ಕೂರಿಸಿಕೊಂಡು, ಓದು, ಬರಹ, ಲೆಕ್ಕ ಪರೀಕ್ಷಿಸಿ ಸರ್ಟಿಫಿಕೇಟ್ ಬರೆದುಕೊಡುತ್ತಿದ್ದರು. ಎಷ್ಟೋ ಕಡೆ ಅದು ಆ ಕೌಂಟಿಗೆ ಮಾತ್ರ ಸಲ್ಲುತ್ತಿತ್ತು. ಪಕ್ಕದ ಕೌಂಟಿಗೆ ಹೋದ ಮೇಷ್ಟರು ಮತ್ತೆ ಪರೀಕ್ಷೆಗೆ ಕೂರಬೇಕಿತ್ತು. ಇಪ್ಪತ್ತನೇ ಶತಮಾನ ಬರುಬರುತ್ತ ರಾಜ್ಯಗಳು ಈ ಕೆಲಸವನ್ನು ತಮ್ಮ ಕೈಗೆ ತೆಗೆದುಕೊಂಡವು, ಕೌಂಟಿಯ ಗೆರೆಗಳು ಅಳಿದವು. ಇದನ್ನು ಓದಿದಾಗ ನನಗೆ ವಿಚಿತ್ರವಾದ ಸಮಾಧಾನವಾಯಿತು. ಇವತ್ತು ಕಲ್ಲಿನ ಹಾಗೆ ಕಾಣುವ ಗೆರೆಗಿಂತ ಚಿಕ್ಕದೊಂದು ಗೆರೆ ಒಮ್ಮೆ ಅಷ್ಟೇ ಗಟ್ಟಿಯಾಗಿತ್ತು, ಮತ್ತು ಅದು ಹೋಯಿತು.

ಗೆರೆ ಎಂಬ ಮಾತು ಬಂದಾಗಲೆಲ್ಲ ಟೆಕ್ಸಾರ್ಕಾನಾ ಊರು ನೆನಪಾಗುತ್ತದೆ. ಅರ್ಧ ಟೆಕ್ಸಸ್‌ನಲ್ಲಿದೆ, ಅರ್ಧ ಅರ್ಕಾನ್ಸಾದಲ್ಲಿದೆ. ಊರ ನಡುವಿನ ರಸ್ತೆಯ ಹೆಸರೇ ಸ್ಟೇಟ್ ಲೈನ್ ಅವೆನ್ಯೂ. ಅಲ್ಲಿನ ಅಂಚೆ ಕಚೇರಿ ಮತ್ತು ನ್ಯಾಯಾಲಯದ ಕಟ್ಟಡ ಎರಡೂ ರಾಜ್ಯಗಳ ಮೇಲೆ ಕಾಲಿಟ್ಟು ನಿಂತಿದೆ. ಕಾಗದ ಹಾಕಲು ಹೋದವರು ಒಂದೇ ಸೂರಿನಡಿ ರಾಜ್ಯ ದಾಟಿ ಬರಬಹುದು. ಆದರೆ ಶಾಲೆಗಳು ಎರಡು ಬೇರೆ ಡಿಸ್ಟ್ರಿಕ್ಟುಗಳವು, ಟೀಚರ್ ಲೈಸೆನ್ಸ್ ಎರಡು ಬೇರೆ ರಾಜಧಾನಿಗಳಿಂದ ಬರುತ್ತದೆ, ಪೆನ್ಷನ್ ಎರಡು ಬೇರೆ ನಿಧಿಗಳದು. ಇಂಥ ಊರು ಅದೊಂದೇ ಅಲ್ಲ. ಕಾನ್ಸಾಸ್ ಸಿಟಿಯಲ್ಲಿ ರಸ್ತೆಯ ಈ ಪಕ್ಕ ಮಿಸೌರಿ, ಆ ಪಕ್ಕ ಕಾನ್ಸಾಸ್. ಪೋರ್ಟ್‌ಲ್ಯಾಂಡ್‌ನಿಂದ ಕೊಲಂಬಿಯಾ ನದಿ ದಾಟಿದರೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್. ಸಂಶೋಧಕರು ಈ ಆರೆಗನ್–ವಾಷಿಂಗ್ಟನ್ ಗಡಿಯ ಟೀಚರುಗಳ ವರ್ಗಾವಣೆಯನ್ನು ಹಿಡಿದು ಅಧ್ಯಯನ ಮಾಡಿದ್ದಾರೆ. ಗಡಿಯ ಬಳಿ ಇರುವ ಟೀಚರು ಕೆಲಸ ಬದಲಿಸುವಾಗ ಪಕ್ಕದ ರಾಜ್ಯದ ಹತ್ತಿರದ ಶಾಲೆಗೆ ಹೋಗುವುದಕ್ಕಿಂತ ತಮ್ಮದೇ ರಾಜ್ಯದೊಳಗೆ ದೂರದ ಊರಿಗೆ ಹೋಗುವುದೇ ಹೆಚ್ಚು ಅಂತ ಅವರಿಗೆ ಕಂಡಿತು. ಸೇತುವೆ ಇದೆ, ಬಸ್ಸಿದೆ. ಆದರೂ ಟೀಚರು ನದಿ ದಾಟುವುದಿಲ್ಲ.

ನಾನು ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ರಾಜ್ಯಗಳು ಏನನ್ನೂ ಕೇಳಬಾರದು ಅನ್ನುವವಳಲ್ಲ ನಾನು. ಒಬ್ಬ ಅಪರಿಚಿತನನ್ನು ಇಪ್ಪತ್ತೈದು ಮಕ್ಕಳ ಜೊತೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಿಡುವ ಮೊದಲು ಅವನ ಹಿನ್ನೆಲೆ ನೋಡಲೇಬೇಕು. ಬೆರಳಚ್ಚು ಹತ್ತು ಸಲ ಕೇಳಿದರೂ ಕೊಡುತ್ತೇನೆ. ಒಂದು ರಾಜ್ಯದಲ್ಲಿ ಲೈಸೆನ್ಸ್ ಕಳೆದುಕೊಂಡವರು ಇನ್ನೊಂದರಲ್ಲಿ ಸುಮ್ಮನೆ ಹೊಸ ಅರ್ಜಿ ಹಾಕದಂತೆ ನ್ಯಾಸ್‌ಡಿಟೆಕ್ ಒಂದು ಕ್ಲಿಯರಿಂಗ್‌ಹೌಸ್ ನಡೆಸುತ್ತದೆ. ಶಿಸ್ತುಕ್ರಮಕ್ಕೆ ಒಳಗಾದ ಟೀಚರುಗಳ ಹೆಸರುಗಳನ್ನು ರಾಜ್ಯಗಳು ಅದರಲ್ಲಿ ಹಂಚಿಕೊಳ್ಳುತ್ತವೆ. ಇದು ಬಹಳ ಒಳ್ಳೆಯ ಕೆಲಸ. ಅದನ್ನು ನೋಡಿದಾಗಲೇ ನನಗೆ ಅನ್ನಿಸಿದ್ದು: ಕೆಟ್ಟ ಹೆಸರು ಇಷ್ಟು ಸಲೀಸಾಗಿ ಗಡಿ ದಾಟುವಾಗ ಒಳ್ಳೆಯ ಹೆಸರಿಗೆ ಮಾತ್ರ ಯಾಕೆ ಇಷ್ಟು ಕಷ್ಟ?

ಸ್ಥಳೀಯ ವಿಷಯ ಕಲಿಯಿರಿ ಅನ್ನುವುದೂ ನ್ಯಾಯವೇ. ಮೊಂಟಾನಾ ತನ್ನ ಮೂಲನಿವಾಸಿಗಳ ಸಂಸ್ಕೃತಿಯನ್ನು ಶಿಕ್ಷಣದ ಮೂಲಕ ಉಳಿಸಿಕೊಳ್ಳುತ್ತೇವೆಂದು ಸಂವಿಧಾನದಲ್ಲೇ ಬರೆದುಕೊಂಡ ರಾಜ್ಯ. ಹೊರಗಿನಿಂದ ಬಂದ ಟೀಚರೂ ಅದರ ಪೀಠಿಕೆಯ ಕೋರ್ಸು ಮಾಡಬೇಕು. ಅಲಾಸ್ಕಾ ತನ್ನ ನಾಡಿನ ಬಗ್ಗೆ ಒಂದು ಕೋರ್ಸು, ಬಹುಸಂಸ್ಕೃತಿಯ ಬಗ್ಗೆ ಇನ್ನೊಂದು ಕೋರ್ಸು ಕೇಳುತ್ತದೆ. ವಿಸ್ಕಾನ್ಸಿನ್‌ನಲ್ಲೂ ಮೂಲನಿವಾಸಿಗಳ ಚರಿತ್ರೆ, ಸಂಸ್ಕೃತಿ, ಸಾರ್ವಭೌಮತ್ವದ ಬಗ್ಗೆ ತಿಳಿಯದೆ ಲೈಸೆನ್ಸ್ ಆಗುವುದಿಲ್ಲ. ನ್ಯೂಯಾರ್ಕ್ ಆರು ಗಂಟೆಯ ತರಬೇತಿ ಕೇಳುತ್ತದೆ, ಮಕ್ಕಳ ಮೇಲೆ ಕಿರುಕುಳ, ಭೇದಭಾವ ಆಗದಂತೆ ನೋಡಿಕೊಳ್ಳುವುದು ಹೇಗೆ ಅಂತ. ಇವನ್ನು ಯಾರು ಬೇಡವೆಂದಾರು?

ನನ್ನ ಪಟ್ಟಿಯಲ್ಲಿದ್ದ ಆ ಕೋರ್ಸನ್ನು ನಾನು ಸಂಜೆಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ಕೂತು ಮಾಡಿದೆ. ಎಲ್ಲ ಷರತ್ತುಗಳಲ್ಲಿ ನನ್ನನ್ನು ಮೊದಲಿಗಿಂತ ಒಳ್ಳೆಯ ಟೀಚರ್ ಮಾಡಿದ್ದು ಅದೊಂದೇ. ನಾನು ಮನೆ ಮಾಡಿದ ನೆಲ ಯಾರದಾಗಿತ್ತು, ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡು ಅವರಿಂದ ಅದನ್ನು ಪಡೆದರು, ಬೋರ್ಡಿಂಗ್ ಶಾಲೆಗಳಲ್ಲಿ ಅವರ ಮಕ್ಕಳ ಬಾಯಿಂದ ಮನೆಮಾತನ್ನು ಹೇಗೆ ಬಿಡಿಸಿದರು, ಇವೆಲ್ಲ ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಮಗಳ ಜೊತೆ ಕನ್ನಡ ಉಳಿಸಿಕೊಳ್ಳಲು ಹೆಣಗುತ್ತಿರುವ ನನಗೆ ಆ ಕೊನೆಯ ಪಾಠ ಓದಿ ಮುಗಿಸಲು ಎರಡು ದಿನ ಬೇಕಾಯಿತು. ಅಂದು ಕ್ಲಾಸಿನಲ್ಲಿ ನನ್ನ ಕಡೆ ವಾಲಿ ಪಿಸುಗುಟ್ಟಿದ ಹುಡುಗಿ ಅಂಥ ಒಂದು ಸಮುದಾಯದವಳೇ ಅಂತ ಆಮೇಲೆ ಗೊತ್ತಾಯಿತು.

ಹಾಗಾದರೆ ಅನ್ಯಾಯ ಎಲ್ಲಿ? ಗೊತ್ತಿರುವುದನ್ನೇ ಗೊತ್ತಿಲ್ಲವೆಂಬಂತೆ ಮತ್ತೆ ಸಾಬೀತು ಮಾಡಿಸುವುದರಲ್ಲಿ. ಒಂದೇ ಪ್ರಾಕ್ಸಿಸ್ ಪರೀಕ್ಷೆಯನ್ನು ಹಲವು ರಾಜ್ಯಗಳು ಬಳಸುತ್ತವೆ. ಪಾಸಾಗಲು ಎಷ್ಟು ಅಂಕ ಅಂತ ಒಂದೊಂದು ರಾಜ್ಯ ಒಂದೊಂದು ಗೆರೆ ಎಳೆದಿರುತ್ತದೆ. ಅದೇ ದಿನ, ಅದೇ ಪ್ರಶ್ನೆಗಳಿಗೆ ಅದೇ ಉತ್ತರ ಬರೆದವರು ಒಂದು ಕಡೆ ಅರ್ಹರು, ಇನ್ನೊಂದು ಕಡೆ ಅಲ್ಲ. ಟೆಕ್ಸಸ್, ಫ್ಲಾರಿಡಾ, ಮ್ಯಾಸಚೂಸೆಟ್ಸ್, ಮಿಶಿಗನ್ ತಮ್ಮವೇ ಪರೀಕ್ಷೆಗಳನ್ನು ಇಟ್ಟುಕೊಂಡಿವೆ. ಎಡ್‌ಟಿಪಿಎ ಎಂಬ ಮೌಲ್ಯಮಾಪನದ ಕಥೆಯಂತೂ ಬೇರೆಯೇ. ಅಭ್ಯರ್ಥಿ ತನ್ನ ಪಾಠದ ವಿಡಿಯೋ ಮಾಡಿ, ಪುಟಗಟ್ಟಲೆ ವಿವರಣೆ ಬರೆದು, 300 ಡಾಲರ್ ಕಟ್ಟಿ ಕಳಿಸಬೇಕಿತ್ತು. ಕೆಲವು ರಾಜ್ಯಗಳು ಅದಿಲ್ಲದೆ ಲೈಸೆನ್ಸ್ ಕೊಡುತ್ತಿರಲಿಲ್ಲ, ಕೆಲವು ಅದನ್ನು ಕೇಳುತ್ತಲೇ ಇರಲಿಲ್ಲ. ಆಮೇಲೆ ಜಾರ್ಜಿಯಾ, ವಾಷಿಂಗ್ಟನ್, ನ್ಯೂಯಾರ್ಕ್, ನ್ಯೂಜೆರ್ಸಿ ಒಂದೊಂದಾಗಿ ಅದನ್ನು ಕೈಬಿಟ್ಟವು. ನಿನ್ನೆ ತನಕ ಇದಿಲ್ಲದೆ ಮಕ್ಕಳ ಮುಂದೆ ನಿಲ್ಲುವಂತಿಲ್ಲ ಅಂದದ್ದು ಇವತ್ತು ಬೇಡವಾದರೆ, ಆ ಒಂದು ಷರತ್ತಿನಿಂದಾಗಿ ಈ ಕೆಲಸವನ್ನೇ ಬಿಟ್ಟುಹೋದವರ ಲೆಕ್ಕ ಯಾರ ಬಳಿ ಇದೆ?

ಗಣಿತದ ಪರೀಕ್ಷೆ ಬರೆಯಲು ಹೋದ ದಿನ ನನ್ನ ಪಕ್ಕದ ಕಂಪ್ಯೂಟರಿನಲ್ಲಿ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಕೂತಿದ್ದ. ಇನ್ನೂ ಒಂದು ದಿನವೂ ಪಾಠ ಮಾಡದವನು. ಇಬ್ಬರಿಗೂ ಒಂದೇ ಪರೀಕ್ಷೆ. ಅದು ನನಗೆ ಅವಮಾನ ಅನಿಸಲಿಲ್ಲ, ಗಣಿತ ನನಗೆ ಇಷ್ಟವೇ. ನೋವಾದದ್ದು ಬೇರೆ ಕಾರಣಕ್ಕೆ. ಋಣ ಸಂಖ್ಯೆ ಅಂದರೆ ಬೆದರುವ ಮಗುವಿಗೆ ಸಾಲದ ಲೆಕ್ಕದಲ್ಲಿ ಅದನ್ನು ಹೇಳಬೇಕೋ ಲಿಫ್ಟಿನ ಮಹಡಿಗಳಲ್ಲಿ ಹೇಳಬೇಕೋ, ಉತ್ತರ ತಪ್ಪಿದಾಗ ಎಲ್ಲಿ ತಪ್ಪಿತು ಅಂತ ಕೇಳಬೇಕೋ ಹೇಗೆ ಯೋಚಿಸಿದೆ ಅಂತ ಕೇಳಬೇಕೋ, ಇದನ್ನು ನಾನು ಆರು ವರ್ಷದಲ್ಲಿ ಸುಮಾರು ಏಳುನೂರು ಮಕ್ಕಳಿಂದ ಕಲಿತಿದ್ದೆ. ಆ ಕಲಿಕೆಯ ಬಗ್ಗೆ ಯಾರೂ ಒಂದು ಪ್ರಶ್ನೆ ಕೂಡ ಕೇಳಲಿಲ್ಲ. ಅರ್ಜಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಇದು ಯಾರಿಗೆ ತಟ್ಟುತ್ತದೆ ಅನ್ನುವುದನ್ನೂ ನೋಡಬೇಕು. ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಸುಮಾರು 32 ಲಕ್ಷ ಟೀಚರುಗಳಿದ್ದಾರೆ, ಮುಕ್ಕಾಲು ಪಾಲಿಗಿಂತ ಹೆಚ್ಚು ಹೆಂಗಸರು. ಸಂಸಾರ ಊರು ಬದಲಿಸುವುದು ಹೆಚ್ಚಾಗಿ ಗಂಡನ ಕೆಲಸದ ಹಿಂದೆ. ನಮ್ಮ ಕನ್ನಡದವರಲ್ಲೇ ಎಷ್ಟು ಮಂದಿಯನ್ನು ನೋಡಿದ್ದೇನೆ! ಒಂದು ರಾಜ್ಯದಲ್ಲಿ ಕಷ್ಟಪಟ್ಟು ಲೈಸೆನ್ಸ್ ಮಾಡಿಕೊಂಡು, ಎರಡನೇ ರಾಜ್ಯದಲ್ಲಿ ಮತ್ತೆ ಪರೀಕ್ಷೆಗೆ ಓದಲು ಮಕ್ಕಳು ಚಿಕ್ಕವರು ಅಂತ ಬಿಟ್ಟು, ಮೂರನೇ ರಾಜ್ಯಕ್ಕೆ ಬರುವ ಹೊತ್ತಿಗೆ "ಅಯ್ಯೋ ಅದೆಲ್ಲ ಆಗಿನ ಮಾತು ಬಿಡ್ರೀ" ಅನ್ನುವವರು. ಹಾಗೆ ಹೇಳುವಾಗ ಅವರು ನಗುತ್ತಾರೆ. ನನಗೆ ಆ ನಗು ಸಹಿಸಲಾಗುವುದಿಲ್ಲ.

ನಮಗಿಂತ ಹೆಚ್ಚು ಅನುಭವಿಸಿದವರು ಸೈನಿಕರ ಹೆಂಡತಿಯರು. ಎರಡು ಮೂರು ವರ್ಷಕ್ಕೊಮ್ಮೆ ವರ್ಗ, ಪ್ರತಿಸಲ ಹೊಸ ರಾಜ್ಯ. ಈ ವಿಷಯದಲ್ಲಿ ಕೊನೆಗೂ ಏನಾದರೂ ಅಲುಗಾಡಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. 2023ರ ಜನವರಿಯಲ್ಲಿ ಬಂದ ಕೇಂದ್ರದ ಕಾನೂನಿನಿಂದ, ಸೇನೆಯ ಆದೇಶದ ಮೇಲೆ ಊರು ಬದಲಿಸುವ ಸೈನಿಕರ ಮತ್ತು ಅವರ ಸಂಗಾತಿಗಳ ವೃತ್ತಿ ಲೈಸೆನ್ಸನ್ನು ಹೊಸ ರಾಜ್ಯವೂ ಮಾನ್ಯ ಮಾಡಬೇಕು. ಆಗ ವಕೀಲಿಕೆ ಒಂದನ್ನು ಬಿಟ್ಟಿದ್ದರು, ಟೀಚರ್ ಕೆಲಸ ಸೇರಿತ್ತು.

ಅದೇ 2023ರಲ್ಲಿ ಇನ್ನೊಂದು ದೊಡ್ಡ ಹೆಜ್ಜೆಯೂ ಬಿತ್ತು: ಇಂಟರ್‌ಸ್ಟೇಟ್ ಟೀಚರ್ ಮೊಬಿಲಿಟಿ ಕಾಂಪ್ಯಾಕ್ಟ್. ಕಾಂಪ್ಯಾಕ್ಟ್ ಅಂದರೆ ರಾಜ್ಯ ರಾಜ್ಯಗಳ ನಡುವಿನ ಕರಾರು. ಇದು ಈ ದೇಶದಲ್ಲಿ ಹಳೆಯ ಪದ್ಧತಿ. ನ್ಯೂಯಾರ್ಕ್, ನ್ಯೂಜೆರ್ಸಿ ಸೇರಿ 1921ರಲ್ಲಿ ಬಂದರು ಪ್ರಾಧಿಕಾರ ಕಟ್ಟಿಕೊಂಡದ್ದೂ ಹೀಗೆಯೇ. ಟೀಚರುಗಳ ಕಾಂಪ್ಯಾಕ್ಟನ್ನು ರಾಜ್ಯ ಸರ್ಕಾರಗಳ ಮಂಡಳಿ, ನ್ಯಾಸ್‌ಡಿಟೆಕ್ ಮತ್ತು ರಕ್ಷಣಾ ಇಲಾಖೆ ಸೇರಿ ರೂಪಿಸಿದವು. ಹತ್ತು ರಾಜ್ಯಗಳು ಒಂದೇ ಪಠ್ಯವನ್ನು ತಮ್ಮ ಶಾಸನಸಭೆಯಲ್ಲಿ ಕಾನೂನು ಮಾಡಿದರೆ ಜಾರಿಗೆ ಬರುತ್ತದೆ ಅಂತ ಷರತ್ತಿತ್ತು. ಕೊಲರಾಡೊ, ಯೂಟಾ, ಕೆಂಟಕಿ, ಒಕ್ಲಹೋಮಾ, ಆರೆಗನ್ ಮುಂತಾದವು ಒಂದೇ ವರ್ಷದಲ್ಲಿ ಆ ಹತ್ತನ್ನು ಮುಟ್ಟಿಸಿದವು.

ಇದರ ಬಗ್ಗೆ ನಮ್ಮವರಲ್ಲಿ ಒಂದು ತಪ್ಪು ಕಲ್ಪನೆ ಇದೆ, ಬಿಡಿಸಿ ಹೇಳುತ್ತೇನೆ. ನರ್ಸುಗಳ ಕಾಂಪ್ಯಾಕ್ಟ್ ಬೇರೆ, ಟೀಚರುಗಳದು ಬೇರೆ. ನರ್ಸುಗಳಿಗೆ ಒಂದು ಲೈಸೆನ್ಸ್ ಇದ್ದರೆ ಸೇರಿದ ರಾಜ್ಯಗಳಲ್ಲೆಲ್ಲ ನಡೆಯುತ್ತದೆ. ಟೀಚರುಗಳಿಗೆ ಹಾಗಿಲ್ಲ. ಹೊಸ ರಾಜ್ಯಕ್ಕೆ ಅರ್ಜಿ ಹಾಕಲೇಬೇಕು, ಹಿನ್ನೆಲೆ ತಪಾಸಣೆ ಆಗಲೇಬೇಕು. ಆದರೆ ಡಿಗ್ರಿ ಮುಗಿಸಿ, ರಾಜ್ಯ ಒಪ್ಪಿದ ತರಬೇತಿ ಪಡೆದು, ಯಾವ ನಿರ್ಬಂಧವೂ ಇಲ್ಲದ ಪೂರ್ತಿ ಲೈಸೆನ್ಸ್ ನಿಮ್ಮ ಕೈಯಲ್ಲಿದ್ದರೆ, ಹೊಸ ರಾಜ್ಯ ಅದಕ್ಕೆ ಅತಿ ಹತ್ತಿರದ ತನ್ನ ಲೈಸೆನ್ಸನ್ನು ಕೊಡಬೇಕು. ಮತ್ತೆ ಪರೀಕ್ಷೆ, ಮತ್ತೆ ಕೋರ್ಸು ಅಂತ ನಿಲ್ಲಿಸುವಂತಿಲ್ಲ. ತಾತ್ಕಾಲಿಕ, ಸಬ್, ಪ್ರೊವಿಷನಲ್ ಲೈಸೆನ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಸೈನಿಕರಿಗೂ ಅವರ ಸಂಗಾತಿಗಳಿಗೂ ಮಾತ್ರ ಸ್ವಲ್ಪ ಸಡಿಲಿಕೆ ಇದೆ. ಮುಂದೆ ನವೀಕರಣದ ಹೊತ್ತಿಗೆ ಆ ರಾಜ್ಯ ತನ್ನ ಸ್ಥಳೀಯ ಷರತ್ತುಗಳನ್ನು ಕೇಳಬಹುದು. ನನ್ನ ಮನಸ್ಸಿಗೆ ತುಂಬ ಒಪ್ಪಿದ್ದು ಈ ಕೊನೆಯ ಮಾತು. ಮೊದಲು ಕ್ಲಾಸಿಗೆ ಬಾ, ಮಕ್ಕಳ ಮುಂದೆ ನಿಲ್ಲು, ನಮ್ಮ ನೆಲದ ಕಥೆಯನ್ನು ಪಾಠ ಮಾಡುತ್ತ ಮಾಡುತ್ತ ಕಲಿ. ಅತಿಥಿಯನ್ನು ಒಳಗೆ ಕರೆದು ಕೂರಿಸಿದ ಮೇಲೆ ಮನೆಯ ರೀತಿ ಹೇಳಿಕೊಡುವ ಹಾಗೆ.

ಎಲ್ಲ ರಾಜ್ಯಗಳೂ ಇನ್ನೂ ಇದರಲ್ಲಿ ಸೇರಿಲ್ಲ. ಹೊರಡುವ ರಾಜ್ಯ, ತಲುಪುವ ರಾಜ್ಯ ಎರಡೂ ಸೇರಿದ್ದರೆ ಮಾತ್ರ ಉಪಯೋಗ. ಊರು ಬದಲಿಸುವ ಯೋಚನೆಯಲ್ಲಿರುವ ಟೀಚರುಗಳು ಮನೆ ಹುಡುಕುವ ಮೊದಲು ಇದನ್ನು ನೋಡಿಕೊಳ್ಳಿ. ಸೇವಾ ದೃಢೀಕರಣ ಪತ್ರವನ್ನು ಹಳೆಯ ಶಾಲೆ ಬಿಡುವ ವಾರವೇ ಸಹಿ ಮಾಡಿಸಿಕೊಳ್ಳಿ. ನನ್ನದು ಬರಲು ಎರಡೂವರೆ ತಿಂಗಳು ಹಿಡಿಯಿತು, ಯಾಕೆಂದರೆ ಜುಲೈನಲ್ಲಿ ಡಿಸ್ಟ್ರಿಕ್ಟ್ ಕಚೇರಿಯಲ್ಲಿ ಜನವೇ ಇರುವುದಿಲ್ಲ.

ಲೈಸೆನ್ಸ್ ಸಿಕ್ಕರೂ ದಾಟದೆ ಉಳಿಯುವುದು ಇನ್ನೂ ಇದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹಳೆಯ ರಾಜ್ಯದಲ್ಲಿ ನನಗೆ ಟೆನ್ಯೂರ್, ಅಂದರೆ ಕೆಲಸದ ಖಾಯಮಾತಿ, ಆಗಿತ್ತು. ಅದು ಅಲ್ಲೇ ಉಳಿಯಿತು. ಅಲ್ಲಿ ಪೆನ್ಷನ್ನಿನ ಹಕ್ಕು ಬರಲು ಹತ್ತು ವರ್ಷ ಬೇಕಿತ್ತು, ನನ್ನದು ಆರು. ನಾನು ಕಟ್ಟಿದ ಹಣ ಮಾತ್ರ ವಾಪಸ್ ಬಂತು, ನನ್ನ ಹೆಸರಿನಲ್ಲಿ ಅವರು ಸೇರಿಸಬೇಕಾಗಿದ್ದ ಪಾಲು ಬರಲಿಲ್ಲ. ಹೊಸ ರಾಜ್ಯದಲ್ಲಿ ಎಣಿಕೆ ಸೊನ್ನೆಯಿಂದ ಶುರು. ಸಂಬಳದ ಪಟ್ಟಿಯಲ್ಲಿ ಹೊರಗಿನ ಅನುಭವಕ್ಕೆ ಎಷ್ಟು ಮೆಟ್ಟಿಲು ಕೊಡಬೇಕೆಂಬುದು ಆಯಾ ಡಿಸ್ಟ್ರಿಕ್ಟಿನ ತೀರ್ಮಾನ. ನನ್ನ ಆರರಲ್ಲಿ ನಾಲ್ಕನ್ನು ಒಪ್ಪಿದರು. ಉಳಿದ ಎರಡು ವರ್ಷ ನಾನು ಏನು ಮಾಡುತ್ತಿದ್ದೆನೋ!

ಇದಕ್ಕೆ ಸೋಶಿಯಲ್ ಸೆಕ್ಯುರಿಟಿಯ, ಅಂದರೆ ಕೇಂದ್ರ ಸರ್ಕಾರದ ಪಿಂಚಣಿಯ, ಸಿಕ್ಕೂ ಸೇರುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್, ಇಲಿನಾಯ್, ಮ್ಯಾಸಚೂಸೆಟ್ಸ್, ಒಹಾಯೊದಂಥ ರಾಜ್ಯಗಳಲ್ಲಿ ಬಹುಪಾಲು ಟೀಚರುಗಳು ಅದರ ವ್ಯಾಪ್ತಿಯಲ್ಲೇ ಇಲ್ಲ, ರಾಜ್ಯದ ನಿಧಿ ಮಾತ್ರ. ಅರ್ಧ ಆಯಸ್ಸು ಅದಿರುವ ರಾಜ್ಯದಲ್ಲಿ, ಅರ್ಧ ಇಲ್ಲದ ರಾಜ್ಯದಲ್ಲಿ ದುಡಿದವರಿಗೆ ಮುಪ್ಪಿನಲ್ಲಿ ಬರುವ ಮೊತ್ತವನ್ನು ಕತ್ತರಿಸುವ ನಿಯಮವೊಂದು ದಶಕಗಳ ಕಾಲ ಇತ್ತು. 2025ರ ಜನವರಿಯಲ್ಲಿ ಅದನ್ನು ತೆಗೆದರು. ಅದಕ್ಕಾಗಿ ಹೋರಾಡಿದ ನಿವೃತ್ತ ಟೀಚರುಗಳಿಗೆ ನಾನು ಮನಸಾರೆ ಋಣಿ. ಕಾಂಪ್ಯಾಕ್ಟ್ ಕೂಡ ಹೀಗೆಯೇ ಮುಂದುವರಿಯಬೇಕು. ಲೈಸೆನ್ಸ್ ದಾಟಿದ ಹಾಗೆ ವರ್ಷಗಳೂ ದಾಟಬೇಕು. ಪಾಠ ಮಾಡಿದ ವರ್ಷ ಎಲ್ಲಿ ಮಾಡಿದರೂ ಪಾಠ ಮಾಡಿದ ವರ್ಷವೇ.

ನನ್ನ ಲೈಸೆನ್ಸ್ ಬಂದದ್ದು 2023ರ ಮಾರ್ಚ್ ಕೊನೆಯ ವಾರ, ಒಂದು ಇಮೇಲಿನಲ್ಲಿ. ಶಾಲೆಯ ವರ್ಷ ಮುಗಿಯಲು ಎರಡೂವರೆ ತಿಂಗಳು ಬಾಕಿ. ಪ್ರಿನ್ಸಿಪಾಲರು ಅದೇ ದಿನ ಕರೆದು, "ಸೋಮವಾರದಿಂದ ಆ ಕ್ಲಾಸು ನಿಮ್ಮದು" ಅಂದರು. ಸಬ್ ಆಗಿದ್ದವರು ತಮ್ಮ ನೋಟ್ಸೆಲ್ಲ ಒಂದು ಫೋಲ್ಡರಿನಲ್ಲಿ ಜೋಡಿಸಿ, ಯಾವ ಮಗುವಿಗೆ ಯಾವ ಪಾಠ ಹಿಡಿದಿಲ್ಲ ಅಂತ ಹೆಸರು ಹೆಸರಾಗಿ ಬರೆದು ನನ್ನ ಕೈಗೆ ಕೊಟ್ಟರು. ಆ ಪಟ್ಟಿ ಇವತ್ತಿಗೂ ನನ್ನ ಬಳಿ ಇದೆ.

ಸೋಮವಾರ ಆವರಣದ ಸಮೀಕರಣವನ್ನೇ ಮತ್ತೆ ಬೋರ್ಡಿನ ಮೇಲೆ ಬರೆದೆ. ಹೊರಗೆ ಮೂರು, ಒಳಗೆ ಎಕ್ಸ್ ಮೈನಸ್ ಎರಡು. ಇಪ್ಪತ್ತಾರು ಮಕ್ಕಳಲ್ಲಿ ಹನ್ನೊಂದು ಮಂದಿ ಮೂರನ್ನು ಎಕ್ಸ್‌ಗೆ ಮಾತ್ರ ಗುಣಿಸಿದರು. ಅಕ್ಟೋಬರಿನಲ್ಲಿ ಸಬ್ ಮರುದಿನವೇ ತಿದ್ದಿ ಹೇಳಿದ್ದರೂ, ಮೊದಲು ಕಣ್ಣಿಗೆ ಬಿದ್ದದ್ದೇ ಕೈಯಲ್ಲಿ ಕೂತುಬಿಟ್ಟಿತ್ತು. ಹಿಂದಿನ ಸಾಲಿನ ಹುಡುಗಿ ಕೈ ಎತ್ತಿದಳು. ಈ ಸಲ ಪಿಸುಗುಟ್ಟಲಿಲ್ಲ. "ನಾನು ಬಂದು ಬರೆಯಲಾ?" ಅಂತ ಕೇಳಿದಳು. ಮಾರ್ಕರ್ ಕೊಟ್ಟು ನಾನು ಹಿಂದೆ ಹೋಗಿ ಅವಳ ಬೆಂಚಿನಲ್ಲಿ ಕೂತೆ.